ಕಡತ ನಾಶವಾಯಿತು, ವೋಚರು ಉಳಿಯಿತು: ಎಂಕೆ-ಅಲ್ಟ್ರಾ ಬಗ್ಗೆ ಗೊತ್ತಿರುವುದೆಷ್ಟು, ಊಹೆ ಎಷ್ಟು?

ಹಳೆಯ ಲೆಕ್ಕಿಗ

ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ಮೊಬೈಲ್ ಗೋಪುರಗಳ ಮೂಲಕ ಸರ್ಕಾರಗಳು ಜನರ ಮನಸ್ಸನ್ನು ಹಿಡಿತದಲ್ಲಿ ಇಟ್ಟುಕೊಂಡಿವೆ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 'ಎಂಕೆ-ಅಲ್ಟ್ರಾ' ಎಂಬ ಹೆಸರಿನಲ್ಲಿ ಎಪ್ಪತ್ತು ವರ್ಷಗಳ ಹಿಂದೆಯೇ ಇದನ್ನು ಸಾಧಿಸಿದೆ ಎಂದು ಅದರಲ್ಲಿತ್ತು. ಗುಂಪಿನಲ್ಲಿ ಅರ್ಧ ಜನ ನಂಬಿದರು. ಉಳಿದರ್ಧ ಜನ ಎಂಕೆ-ಅಲ್ಟ್ರಾ ಎಂಬುದೇ ಸಿನಿಮಾದವರ ಕಟ್ಟುಕಥೆ ಎಂದು ತಳ್ಳಿಹಾಕಿದರು. ಇಬ್ಬರ ಮಾತೂ ನನಗೆ ಸರಿ ಎನಿಸಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಲೆಕ್ಕಪತ್ರ ತಪಾಸಣೆ ಮಾಡಿದವನು ನಾನು. ಕಾಗದ ಏನು ಹೇಳುತ್ತದೆ ನೋಡೋಣ ಎಂದು 1977ರ ಅಮೆರಿಕದ ಸೆನೆಟ್ ವಿಚಾರಣೆಯ ವರದಿಯನ್ನು ಹುಡುಕಿ ಓದಲು ಕುಳಿತೆ. ಮೂರು ವಾರ ಹಿಡಿಯಿತು.

ಯೋಜನೆ ನಿಜ. 1953ರ ಏಪ್ರಿಲ್ 13ರಂದು ಸಿಐಎ ನಿರ್ದೇಶಕ ಆ್ಯಲನ್ ಡಲ್ಲಸ್ ಅದಕ್ಕೆ ಮಂಜೂರಾತಿ ಕೊಟ್ಟರು. ಪ್ರಸ್ತಾವ ರಿಚರ್ಡ್ ಹೆಲ್ಮ್ಸ್ ಅವರದು, ನಡೆಸಿದವರು ಸಿಡ್ನಿ ಗಾಟ್ಲೀಬ್ ಎಂಬ ರಸಾಯನಶಾಸ್ತ್ರಜ್ಞ. ಅದಕ್ಕೂ ಮೊದಲು ಬ್ಲೂಬರ್ಡ್, ಆರ್ಟಿಚೋಕ್ ಎಂಬ ಯೋಜನೆಗಳಿದ್ದವು. ಒಬ್ಬ ಮನುಷ್ಯನಿಂದ ಅವನ ಇಚ್ಛೆಗೆ ವಿರುದ್ಧವಾಗಿ, ತನ್ನ ಪ್ರಾಣ ಉಳಿಸಿಕೊಳ್ಳುವ ಸಹಜ ಬುದ್ಧಿಗೂ ವಿರುದ್ಧವಾಗಿ, ನಾವು ಹೇಳಿದ್ದನ್ನು ಮಾಡಿಸಬಹುದೇ? ಆರ್ಟಿಚೋಕ್ ಕಾಲದ ಟಿಪ್ಪಣಿಯೊಂದು ಕೇಳಿಕೊಂಡ ಪ್ರಶ್ನೆ ಇದು.

1973ರಲ್ಲಿ, ಆ ಹೊತ್ತಿಗೆ ತಾವೇ ನಿರ್ದೇಶಕರಾಗಿದ್ದ ಹೆಲ್ಮ್ಸ್ ಹುದ್ದೆ ಬಿಡುವ ಮುನ್ನ ಯೋಜನೆಯ ಕಡತಗಳನ್ನು ನಾಶ ಮಾಡಲು ಆದೇಶಿಸಿದರು. ನಾಶ ಮಾಡಿದರು. ಎಲ್ಲ ಮುಗಿಯಿತು ಎಂದುಕೊಂಡಿರಬೇಕು. ಆದರೆ ಹಣಕಾಸು ವಿಭಾಗದ ದಾಖಲೆಗಳು ಹಳೆಯ ಕಾಗದಗಳ ಉಗ್ರಾಣದಲ್ಲಿ ಬೇರೆಯಾಗಿ ಬಿದ್ದಿದ್ದವು. ಅವನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಜಾನ್ ಮಾರ್ಕ್ಸ್ ಎಂಬ ಲೇಖಕರು ಮಾಹಿತಿ ಹಕ್ಕಿನ ಕಾಯ್ದೆಯಡಿ ಅರ್ಜಿ ಹಾಕಿದ್ದರಿಂದ 1977ರಲ್ಲಿ ಸಂಸ್ಥೆಯ ನೌಕರರೊಬ್ಬರು ಹುಡುಕಿದಾಗ ಸಾವಿರಾರು ಪುಟ ಸಿಕ್ಕಿತು. ಅದರಲ್ಲಿದ್ದದ್ದು ಬಹುಪಾಲು ವೋಚರುಗಳು, ರಸೀದಿಗಳು, ಹಣ ಬಿಡುಗಡೆಯ ಟಿಪ್ಪಣಿಗಳು, ಖರ್ಚಿನ ಸಮರ್ಥನೆ. ಆ ಕಾಗದಗಳನ್ನು ಜೋಡಿಸಿದಾಗ 149 ಉಪಯೋಜನೆಗಳು ಎದ್ದು ಬಂದವು. ಅವುಗಳಲ್ಲಿ 80 ಸಂಸ್ಥೆಗಳು: 44 ಕಾಲೇಜು ಅಥವಾ ವಿಶ್ವವಿದ್ಯಾಲಯಗಳು, 12 ಆಸ್ಪತ್ರೆಗಳು, ಮೂರು ಸೆರೆಮನೆಗಳು, ಮಿಕ್ಕವುಗಳಲ್ಲಿ ಹೆಚ್ಚಿನವು ಪ್ರತಿಷ್ಠಾನಗಳು, ಔಷಧ ಕಂಪನಿಗಳು. ಸರ್ಕಾರದ ಹೊರಗಿನ ಸಂಶೋಧಕರು 185 ಮಂದಿ. ಅನೇಕರಿಗೆ ಹಣ ಯಾರದ್ದು ಎಂಬುದೇ ತಿಳಿದಿರಲಿಲ್ಲ. ಗೆಶ್ಚಿಕ್ಟರ್ ನಿಧಿ, ಮಾನವ ಪರಿಸರ ಸಂಶೋಧನಾ ಸಂಘ ಎಂಬಂಥ ಮುಖವಾಡಗಳ ಮೂಲಕ ಹಣ ಹರಿಯುತ್ತಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಜಾನ್ ಮುಲ್‌ಹಾಲೆಂಡ್ ಎಂಬ ಹೆಸರಾಂತ ಜಾದೂಗಾರರಿಗೆ 1953ರಲ್ಲಿ 3,000 ಡಾಲರ್ ಮಂಜೂರಾಗಿದೆ. ಕೆಲಸ: ಎದುರಿಗೆ ಕುಳಿತವನ ಲೋಟಕ್ಕೆ ಅವನಿಗೆ ತಿಳಿಯದಂತೆ ಔಷಧಿ ಹಾಕುವ ಕೈಚಳಕದ ಬಗ್ಗೆ ಕೈಪಿಡಿ ಬರೆದುಕೊಡುವುದು. ನನ್ನ ವೃತ್ತಿಯಲ್ಲಿ ಎಷ್ಟೋ ಸುಳ್ಳು ಬಿಲ್ಲುಗಳನ್ನು ಹಿಡಿದಿದ್ದೇನೆ. ಈ ಬಿಲ್ಲು ನಿಜವಾದದ್ದು. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಆದ್ದರಿಂದ ನನ್ನ ನಿಲುವು ಇಷ್ಟೇ. ಕಾಗದ ಇರುವಷ್ಟನ್ನು ಗಟ್ಟಿಯಾಗಿ ಹೇಳೋಣ, ಕಾಗದ ಇಲ್ಲದ್ದನ್ನು ಹೇಳುವುದು ಬೇಡ. ಒಪ್ಪದವರು ಬರೆಯಿರಿ.

ತುಂಗಾತೀರ

ತುಂಬ ಉಪಯುಕ್ತ ಬರಹ. ಒಂದು ಪ್ರಶ್ನೆ. ಯುದ್ಧ ಗೆದ್ದು ಎಂಟು ವರ್ಷವೂ ಆಗಿರದ, ನಾಜಿ ವೈದ್ಯರನ್ನು ಕಟಕಟೆಗೆ ತಂದಿದ್ದ ದೇಶಕ್ಕೆ ಇಂಥ ಬುದ್ಧಿ ಏಕೆ ಬಂತು?

ಚರಿತ್ರೆ ಮೇಷ್ಟ್ರು

ಭಯದಿಂದ. ಕೊರಿಯಾ ಯುದ್ಧದಲ್ಲಿ ಸೆರೆ ಸಿಕ್ಕ ಅಮೆರಿಕದ ವಿಮಾನ ಚಾಲಕರು, ನಾವು ರೋಗಾಣು ಬಾಂಬುಗಳನ್ನು ಹಾಕಿದ್ದೇವೆ ಎಂದು 'ತಪ್ಪೊಪ್ಪಿಗೆ' ಕೊಡಲು ಶುರುಮಾಡಿದ್ದರು. ನಮ್ಮ ಹುಡುಗರು ಹೀಗೆಲ್ಲ ಮಾತನಾಡುವುದು ಸಾಧ್ಯವೇ ಇಲ್ಲ, ಚೀನಾ ಮತ್ತು ರಷ್ಯಾದವರ ಬಳಿ ಮಿದುಳು ತೊಳೆಯುವ ಯಾವುದೋ ವಿದ್ಯೆ ಇರಬೇಕು ಎಂದು ವಾಷಿಂಗ್ಟನ್ನಿನ ದೊಡ್ಡವರು ನಂಬಿದರು. ಆ 'ಬ್ರೈನ್‌ವಾಷಿಂಗ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಹರಡಿದವರು ಎಡ್ವರ್ಡ್ ಹಂಟರ್ ಎಂಬ ಪತ್ರಕರ್ತ, 1950ರಲ್ಲಿ.

ಡಲ್ಲಸ್ 1953ರ ಏಪ್ರಿಲ್ 10ರಂದು ವರ್ಜೀನಿಯಾದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಪ್ರಿನ್ಸ್‌ಟನ್ನಿನ ಹಳೆಯ ವಿದ್ಯಾರ್ಥಿಗಳ ಮುಂದೆ ಸೋವಿಯತ್ತರ 'ಮಿದುಳು ಸಮರ'ದ ಬಗ್ಗೆ ಭಾಷಣ ಮಾಡಿದರು. ಎದುರಾಳಿಗಳು ಮನುಷ್ಯನ ಮನಸ್ಸನ್ನು ವಿಕೃತಗೊಳಿಸುತ್ತಿದ್ದಾರೆ ಎಂಬ ಕೋಪ ಅದರಲ್ಲಿತ್ತು. ಮೂರೇ ದಿನಕ್ಕೆ ಎಂಕೆ-ಅಲ್ಟ್ರಾಗೆ ಸಹಿ ಬಿತ್ತು. ಎದುರಾಳಿಯ ಬಳಿ ಅಂಥ ವಿದ್ಯೆ ಇರಲಿಲ್ಲ. ಇದ್ದದ್ದು ಹಳೆಯ ಸಾಮಾನುಗಳೇ: ನಿದ್ದೆಗೆಡಿಸುವುದು, ಹಸಿವು, ಒಂಟಿ ಕೋಣೆ, ಚಳಿ, ಕೊನೆಯಿಲ್ಲದ ವಿಚಾರಣೆ. ಇವು ನಮ್ಮ ಊರಿನ ಹಳೆಯ ಪೊಲೀಸ್ ಠಾಣೆಗೂ ಗೊತ್ತಿದ್ದ ವಿದ್ಯೆಗಳು.

ಆ ನಾಜಿ ವೈದ್ಯರ ವಿಚಾರಣೆಯ ತೀರ್ಪಿನಿಂದ ಬಂದ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ವಾಕ್ಯವೇ ಪ್ರಯೋಗಕ್ಕೆ ಒಳಗಾಗುವ ಮನುಷ್ಯನ ಸ್ವಇಚ್ಛೆಯ ಒಪ್ಪಿಗೆ ಸಂಪೂರ್ಣವಾಗಿ ಅಗತ್ಯ ಎನ್ನುತ್ತದೆ. ಅಮೆರಿಕದ ನ್ಯಾಯಾಧೀಶರೇ ಬರೆದ ವಾಕ್ಯ ಅದು. ಆರು ವರ್ಷ ಕಳೆದಿರಲಿಲ್ಲ.

ಮಾಂಟ್ರಿಯಲ್ ಕನ್ನಡತಿ

ನಾನಿರುವ ಊರಾದ ಕೆನಡಾದ ಮಾಂಟ್ರಿಯಲ್ ಬಗ್ಗೆ ಯಾರೂ ಇನ್ನೂ ಬರೆಯದಿರುವುದರಿಂದ ನಾನೇ ಬರೆಯುತ್ತೇನೆ. ಮೌಂಟ್ ರಾಯಲ್ ಬೆಟ್ಟದ ಇಳಿಜಾರಿನಲ್ಲಿ ರಾವೆನ್ಸ್‌ಕ್ರ್ಯಾಗ್ ಎಂಬ ಬೂದುಗಲ್ಲಿನ ಹಳೆಯ ಬಂಗಲೆ ಇದೆ. ಹಡಗು ಕಂಪನಿಯ ಸಾಹುಕಾರರು ಕಟ್ಟಿಸಿದ್ದು. ಅದರಲ್ಲೇ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಅಲನ್ ಮೆಮೋರಿಯಲ್ ಮನೋವೈದ್ಯಕೀಯ ಸಂಸ್ಥೆ ನಡೆಯುತ್ತಿತ್ತು. ಚಳಿಗಾಲದಲ್ಲಿ ಎಲೆ ಉದುರಿದ ಮರಗಳ ನಡುವೆ ಅದು ಕಾಣುತ್ತದೆ. ಇತಿಹಾಸ ಗೊತ್ತಾದ ಮೇಲೆ ಆ ದಾರಿಯಲ್ಲಿ ನಡೆಯುವಾಗ ತಲೆ ಎತ್ತಿ ನೋಡದೆ ಇರಲು ನನ್ನಿಂದ ಆಗುವುದಿಲ್ಲ.

ಅಲ್ಲಿನ ಮುಖ್ಯಸ್ಥ ಡಾಕ್ಟರ್ ಯುವೆನ್ ಕ್ಯಾಮರಾನ್. ಯಾರೋ ಗುಡಿಸಲ ಮಾಂತ್ರಿಕರಲ್ಲ. ಅಮೆರಿಕದ ಮನೋವೈದ್ಯರ ಸಂಘದ ಅಧ್ಯಕ್ಷರಾಗಿದ್ದವರು, ಮುಂದೆ ವಿಶ್ವ ಮನೋವೈದ್ಯರ ಸಂಘಕ್ಕೆ ಮೊದಲ ಅಧ್ಯಕ್ಷರಾದವರು. ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕ ರುಡಾಲ್ಫ್ ಹೆಸ್‌ನ ಮಾನಸಿಕ ಸ್ಥಿತಿ ಪರೀಕ್ಷಿಸಿದ ವೈದ್ಯರ ತಂಡದಲ್ಲೂ ಇದ್ದರು. ರೋಗಿಯ ಹಳೆಯ ಮನಸ್ಸನ್ನು ಪೂರ್ತಿ ಅಳಿಸಿ, ಖಾಲಿ ಹಲಗೆಯ ಮೇಲೆ ಹೊಸ ಮನಸ್ಸನ್ನು ಬರೆಯಬಹುದು ಎಂಬುದು ಅವರ ಸಿದ್ಧಾಂತ. ಅಳಿಸಲು ಔಷಧಿ ಕೊಟ್ಟು ವಾರಗಟ್ಟಲೆ ಮಲಗಿಸುತ್ತಿದ್ದರು. ಅದಕ್ಕೆಂದೇ 'ನಿದ್ದೆಯ ಕೋಣೆ' ಇತ್ತು. ಜೊತೆಗೆ ಎಂದಿನ ಪ್ರಮಾಣಕ್ಕಿಂತ ಹಲವು ಪಟ್ಟು ತೀವ್ರವಾದ ವಿದ್ಯುತ್ ಆಘಾತ. ಬರೆಯಲು ಧ್ವನಿಸುರುಳಿ: ಒಂದೇ ವಾಕ್ಯ, ಮತ್ತೆ ಮತ್ತೆ, ದಿಂಬಿನ ಕೆಳಗಿನ ಧ್ವನಿವರ್ಧಕದಿಂದ. ಸಿಐಎಯ ಮುಖವಾಡ ಸಂಘಕ್ಕೆ ಅವರು ಸಲ್ಲಿಸಿದ ಅರ್ಜಿಯಲ್ಲೇ ದಿನಕ್ಕೆ 16 ಗಂಟೆಯಂತೆ ಆರೇಳು ದಿನ ಎಂದಿದೆ. ಹಣ 1957ರಿಂದ 1960ರವರೆಗೆ ಬಂತು. ಕಾಗದದಲ್ಲಿ ಅದು ಉಪಯೋಜನೆ 68.

ಅಲ್ಲಿಗೆ ಹೋದವರು ಗೂಢಚಾರರಲ್ಲ, ಶತ್ರುಗಳಲ್ಲ. ಹೆರಿಗೆಯ ನಂತರದ ಖಿನ್ನತೆ, ಆತಂಕ, ನಿದ್ದೆ ಬಾರದಿರುವುದು, ಇಂಥ ಕಾರಣಗಳಿಗೆ ಚಿಕಿತ್ಸೆ ಕೇಳಿಕೊಂಡು ತಾವಾಗಿಯೇ ಹೋದವರು. ಕೆಲವರು ಮನೆಗೆ ಮರಳಿದಾಗ ಮಕ್ಕಳ ಗುರುತು ಹಿಡಿಯುತ್ತಿರಲಿಲ್ಲ. ಮಲಮೂತ್ರದ ಹಿಡಿತ ತಪ್ಪಿತ್ತು. ವೆಲ್ಮಾ ಆರ್ಲಿಕೋವ್ ಎಂಬವರ ಹೆಸರು ಎಲ್ಲರಿಗೂ ತಿಳಿದಿರಬೇಕು. ಅವರ ಪತಿ ಕೆನಡಾದ ಸಂಸತ್ ಸದಸ್ಯರಾಗಿದ್ದರು. ಹೆರಿಗೆಯ ನಂತರದ ಖಿನ್ನತೆಗೆ ಚಿಕಿತ್ಸೆ ಬಯಸಿ ಹೋದ ಆಕೆಗೆ ಎಲ್‌ಎಸ್‌ಡಿ ಎಂಬ, ಭ್ರಮೆ ಹುಟ್ಟಿಸುವ ಮಾದಕವಸ್ತು ಚುಚ್ಚಿ, ಧ್ವನಿಸುರುಳಿ ಕೇಳಿಸಿದರು. ಇಪ್ಪತ್ತು ವರ್ಷ ಆಕೆ ತನ್ನನ್ನೇ ದೂರಿಕೊಂಡರು: ನಾನು ಗುಣವಾಗದಿದ್ದರೆ ಅದು ನನ್ನದೇ ತಪ್ಪು ಎಂದು. 1977ರ ಆಗಸ್ಟ್‌ನಲ್ಲಿ ಪತ್ರಿಕೆಯಲ್ಲಿ ಸುದ್ದಿ ಓದಿದ ಮೇಲೆ ತಿಳಿಯಿತು, ತಪ್ಪು ಯಾರದ್ದೆಂದು. 1980ರಲ್ಲಿ ದಾವೆ ಹೂಡಿದರು, ಇನ್ನೂ ಎಂಟು ಮಂದಿ ಸೇರಿಕೊಂಡರು. 1988ರಲ್ಲಿ ಸಿಐಎ ಒಟ್ಟು ಒಂಬತ್ತು ಮಂದಿಗೆ 7,50,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 1990ರಲ್ಲಿ ಆಕೆ ತೀರಿಕೊಂಡರು. ಕ್ಯಾಮರಾನ್‌ಗೆ ಕೆನಡಾ ಸರ್ಕಾರವೂ ಹಣ ಕೊಟ್ಟಿತ್ತು. 1992ರಲ್ಲಿ 77 ಮಂದಿಗೆ ತಲಾ ಒಂದು ಲಕ್ಷ ಡಾಲರ್ ಕೊಟ್ಟಿತು. 'ಸಾಕಷ್ಟು ಹಾನಿಯಾಗಿಲ್ಲ' ಎಂಬ ಅರ್ಥದ ಉತ್ತರ ಪಡೆದು ಬರಿಗೈಯಲ್ಲಿ ಹಿಂದಿರುಗಿದವರು ಅದಕ್ಕಿಂತ ಹೆಚ್ಚು.

ಲೆಕ್ಕಿಗರೇ, ನಿಮ್ಮ ಮಾತಿಗೆ ನನ್ನದೊಂದು ತಕರಾರು. ಕಾಗದ ಇಲ್ಲದ್ದನ್ನು ಹೇಳುವುದು ಬೇಡ ಎಂದಿರಿ. 1957ರಲ್ಲಿ ಈ ಹೆಂಗಸರ ಬಳಿ ಯಾವ ಕಾಗದ ಇತ್ತು? ಅವರ ಬಳಿ ಇದ್ದದ್ದು ತಮ್ಮ ಮೈಗೆ, ಮನಸ್ಸಿಗೆ ಏನಾಯಿತು ಎಂಬ ಮಾತು ಮಾತ್ರ. ಮಾನಸಿಕ ರೋಗಿಯ ಮಾತು ಎಂಬ ಕಾರಣಕ್ಕೆ ಯಾರೂ ಕಿವಿಗೊಡಲಿಲ್ಲ.

ಮನೋವೈದ್ಯ, ಧಾರವಾಡ

ಮೇಲಿನ ಬರಹದಲ್ಲಿ ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ನಮ್ಮ ವೃತ್ತಿಯ ನಾಚಿಕೆಗೇಡಿನ ಅಧ್ಯಾಯ ಅದು. ಆದರೆ ಇದನ್ನು ಓದುತ್ತಿರುವವರಲ್ಲಿ ಯಾರ ಮನೆಯಲ್ಲಾದರೂ ವಿದ್ಯುತ್ ಕಂಪನ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ, ದಯವಿಟ್ಟು ಹೆದರಿ ಅರ್ಧಕ್ಕೆ ನಿಲ್ಲಿಸಬೇಡಿ. ಇಂದು ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಗೊಳಿಸಿ, ವಾರಕ್ಕೆ ಎರಡು ಮೂರು ಬಾರಿಯಂತೆ ಮಿತವಾಗಿ ಕೊಡುವ ಚಿಕಿತ್ಸೆಗೂ ಕ್ಯಾಮರಾನ್ ಮಾಡಿದ್ದಕ್ಕೂ ಹೋಲಿಕೆಯೇ ಇಲ್ಲ. ತೀವ್ರ ಖಿನ್ನತೆಯಲ್ಲಿ ಊಟ ನೀರು ಬಿಟ್ಟವರನ್ನು ಅದು ಬದುಕಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅರಿವಳಿಕೆ ಇಲ್ಲದ ವಿದ್ಯುತ್ ಚಿಕಿತ್ಸೆಯನ್ನು ನಿಷೇಧಿಸಿದೆ. ಸಂಶೋಧನೆಗೆ ರೋಗಿಯ ಒಪ್ಪಿಗೆ ಕಡ್ಡಾಯ ಎಂದೂ ಹೇಳಿದೆ.

ಇನ್ನೊಂದು ಮಾತು. ಇದನ್ನು ಗೂಢಚಾರರ ಕಥೆ ಎಂದಷ್ಟೇ ಓದಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಸಿಐಎ ಹಣ ಬರುವ ಮೊದಲೇ ಕ್ಯಾಮರಾನ್ ಈ ಪ್ರಯೋಗ ಶುರುಮಾಡಿದ್ದರು, 1956ರಲ್ಲಿ ಅಮೆರಿಕದ ಪ್ರತಿಷ್ಠಿತ ಮನೋವೈದ್ಯಕೀಯ ಪತ್ರಿಕೆಯಲ್ಲೇ ಪ್ರಕಟಿಸಿದ್ದರು. ಅದನ್ನು ನೋಡಿಯೇ ಸಿಐಎಯವರು ಹುಡುಕಿಕೊಂಡು ಬಂದದ್ದು. ಗುಟ್ಟಾಗಿದ್ದದ್ದು ಹಣದ ಮೂಲ ಮಾತ್ರ. ಹಿಂಸೆ ಗುಟ್ಟಾಗಿರಲಿಲ್ಲ. ವೈದ್ಯರು, ದಾದಿಯರು, ಸಂಪಾದಕರು ಎಲ್ಲರೂ ನೋಡಿದ್ದರು, ಓದಿದ್ದರು. ದೊಡ್ಡ ಹೆಸರಿನ ಮುಂದೆ ಯಾರೂ 'ಇದು ಸರಿಯಲ್ಲ' ಎನ್ನಲಿಲ್ಲ. ನನ್ನನ್ನು ಕಾಡುವುದು ಇದು.

ಸಂಶಯ ನಿವಾರಕ

ನಾನು ಬೇರೆ ಪಕ್ಷ. ಲೆಕ್ಕಿಗರು ಹೇಳುವಂತೆ ಮುಖ್ಯ ಕಡತಗಳೆಲ್ಲ ನಾಶವಾಗಿವೆ. ಹಾಗಿದ್ದ ಮೇಲೆ ಸಿಐಎ ಅದನ್ನು ಸಾಧಿಸಿದೆ ಎಂಬ ವಾಟ್ಸ್ಆ್ಯಪ್ ಸಂದೇಶ ಸರಿಯಲ್ಲ, ಪ್ರಯೋಗ ವಿಫಲವಾಯಿತು ಎಂದು ಹೇಗೆ ಹೇಳುತ್ತೀರಿ? ವಿಫಲವಾದ ಪ್ರಯೋಗದ ಕಾಗದವನ್ನು ಯಾರಾದರೂ ಅಷ್ಟು ಮುತುವರ್ಜಿಯಿಂದ ನಾಶ ಮಾಡುತ್ತಾರೆಯೇ? 1985ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಸಂಶೋಧಕರ ಹೆಸರುಗಳನ್ನು ಮುಚ್ಚಿಡಬಹುದು ಎಂದು ತೀರ್ಪು ಕೊಟ್ಟಿದೆ. ಒಮ್ಮೆ ಇಪ್ಪತ್ತು ವರ್ಷ ಸುಳ್ಳು ಹೇಳಿದವರು ಈಗ ನಿಜ ಹೇಳುತ್ತಿದ್ದಾರೆ ಎಂದು ನಂಬಲು ನಾನು ಸಿದ್ಧನಿಲ್ಲ.

ಹಳೆಯ ಲೆಕ್ಕಿಗ

ನ್ಯಾಯವಾದ ಪ್ರಶ್ನೆ. ಕಡತ ನಾಶ ಮಾಡುವವರು ಸಾಮಾನ್ಯವಾಗಿ ಗೆಲುವನ್ನು ಮುಚ್ಚಿಡುವುದಿಲ್ಲ, ಅಪರಾಧವನ್ನು ಮುಚ್ಚಿಡುತ್ತಾರೆ. ನನ್ನ ಅನುಭವ ಅದು.

ಉಳಿದ ಕಾಗದಗಳಲ್ಲಿ ಏನಿದೆ ನೋಡಿ. ಮಾದಕವಸ್ತು ನಿಗ್ರಹ ಇಲಾಖೆಯ ಅಧಿಕಾರಿ ಜಾರ್ಜ್ ಹಂಟರ್ ವೈಟ್‌ಗೆ ಸಿಐಎ ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಡಿಗೆ ಮನೆ ಮಾಡಿಕೊಟ್ಟಿತ್ತು. ಹಣ ಕೊಟ್ಟು ಕರೆತಂದ ವೇಶ್ಯೆಯರು ಗಂಡಸರನ್ನು ಅಲ್ಲಿಗೆ ಕರೆದುಕೊಂಡು ಬರುವುದು, ಅವರ ಪಾನೀಯದಲ್ಲಿ ಎಲ್‌ಎಸ್‌ಡಿ ಬೆರೆಸುವುದು, ಒಂದು ಬದಿಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ವೈಟ್ ಕುಳಿತು ನೋಡುವುದು. ಆ ಕೋಣೆಯಲ್ಲಿ ವೈದ್ಯರಿಲ್ಲ, ಅಳತೆಯಿಲ್ಲ, ನಂತರ ಆ ಮನುಷ್ಯ ಏನಾದ ಎಂದು ವಿಚಾರಿಸುವವರಿಲ್ಲ. ಇದು ವಿಜ್ಞಾನವೇ? ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದ, ಟಿಪ್ಪಣಿಯಿಲ್ಲದ ಪ್ರಯೋಗದಿಂದ ಮನಸ್ಸಿನ ಕೀಲಿಕೈ ಸಿಗುವುದಿಲ್ಲ. 1963ರಲ್ಲಿ ಸಂಸ್ಥೆಯ ಸ್ವಂತ ಇನ್‌ಸ್ಪೆಕ್ಟರ್ ಜನರಲ್ ಜಾನ್ ಅರ್ಮನ್ ತಪಾಸಣೆ ಮಾಡಿ, ಅರಿವಿಲ್ಲದ ಜನರ ಮೇಲಿನ ಪ್ರಯೋಗದ ಬಗ್ಗೆ ಕಟುವಾದ ಆಕ್ಷೇಪ ಬರೆದರು. ಅದಾದ ಮೇಲೂ ಸ್ಯಾನ್ ಫ್ರಾನ್ಸಿಸ್ಕೊದ ಮನೆ ಮುಚ್ಚಿದ್ದು 1965ರಲ್ಲಿ, ನ್ಯೂಯಾರ್ಕಿನದ್ದು 1966ರಲ್ಲಿ. ತಪಾಸಣೆಯ ವರದಿ ಬಂದ ಮೇಲೂ ಎರಡು ಮೂರು ವರ್ಷ ಹಾಗೆಯೇ ನಡೆಯುವುದನ್ನು ನಾನೂ ನನ್ನ ಕೆಲಸದಲ್ಲಿ ಕಂಡಿದ್ದೇನೆ. ಕೊನೆಗೆ ಗಾಟ್ಲೀಬ್ ತಾವೇ ಈ ಕೆಲಸದಿಂದ ಉಪಯೋಗವಾಗಲಿಲ್ಲ ಎಂಬ ತೀರ್ಮಾನಕ್ಕೆ ಬಂದರು.

ಮನುಷ್ಯನನ್ನು ಮುರಿಯಬಹುದು ಎಂಬುದಕ್ಕೆ ಕಾಗದದಲ್ಲಿ ಸಾಕಷ್ಟು ಸಾಕ್ಷ್ಯ ಇದೆ. ಅವನನ್ನು ಬೊಂಬೆಯಂತೆ ಆಡಿಸಬಹುದು ಎಂಬುದಕ್ಕೆ ಒಂದು ಚೀಟಿಯೂ ಇಲ್ಲ.

ಮಾಂಟ್ರಿಯಲ್ ಕನ್ನಡತಿ ಅವರ ತಕರಾರಿಗೆ ನನ್ನಲ್ಲಿ ಇನ್ನೂ ಉತ್ತರ ಇಲ್ಲ. ಯೋಚಿಸುತ್ತಿದ್ದೇನೆ.

ಒಬ್ಬ ತಂಗಿ

ನಾನು ಈ ಚರ್ಚೆಯನ್ನು ನಾಲ್ಕು ದಿನಗಳಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಎಂದು ಹಿಂಜರಿದೆ.

ನನ್ನ ಅಣ್ಣನಿಗೆ ಹದಿನಾರು ವರ್ಷಗಳಿಂದ ಸ್ಕಿಜೋಫ್ರೇನಿಯಾ ಇದೆ. ತನ್ನ ಹಲ್ಲಿನೊಳಗೆ ಯಂತ್ರವಿದೆ, ಸರ್ಕಾರ ತನ್ನ ಆಲೋಚನೆಗಳನ್ನು ಕೇಳಿಸಿಕೊಳ್ಳುತ್ತಿದೆ ಎನ್ನುತ್ತಾನೆ. ಹಾಗೇನೂ ಇಲ್ಲ, ಯಾವ ಸರ್ಕಾರವೂ ಹಾಗೆ ಮಾಡುವುದಿಲ್ಲ ಎಂದು ನಾನು ಪ್ರತಿಸಲವೂ ಹೇಳುತ್ತಿದ್ದೆ. ಒಂದು ದಿನ ಸೈಬರ್ ಕೆಫೆಯಿಂದ ಮುದ್ರಿಸಿ ತಂದ ಹಾಳೆಗಳನ್ನು ನನ್ನ ಮುಂದಿಟ್ಟ. ಎಂಕೆ-ಅಲ್ಟ್ರಾ. ಸೆನೆಟ್ ವಿಚಾರಣೆ. 'ಮಾಡಿದ್ದಾರೆ ನೋಡು' ಎಂದ. ಇದೂ ಸುಳ್ಳು ಎಂದುಬಿಟ್ಟೆ. ಆಮೇಲೆ ರಾತ್ರಿ ಹುಡುಕಿ ನೋಡಿದರೆ ನಿಜ! ಅಂದಿನಿಂದ ಅವನು ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾನೆ. ಅಮ್ಮ ಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತಾನೆ. ಅವನ ದೃಷ್ಟಿಯಲ್ಲಿ ನಾನು ಸುಳ್ಳು ಹೇಳಿದವಳು. ಅದು ನಿಜವೂ ಹೌದು.

ನಿಮ್ಮೆಲ್ಲರ ಮಾತು ಓದಿ ನನಗೆ ಇನ್ನಷ್ಟು ಗೊಂದಲವಾಗಿದೆ. ರೋಗಿಯ ಮಾತಿಗೆ ಯಾರೂ ಕಿವಿಗೊಡಲಿಲ್ಲ ಎಂದು ಒಬ್ಬರು ಬರೆದಿದ್ದೀರಿ. ನಾನು ನನ್ನ ಅಣ್ಣನ ಯಾವ ಮಾತಿಗೆ ಕಿವಿಗೊಡಬೇಕು?

ಮನೋವೈದ್ಯ, ಧಾರವಾಡ

ತಂಗಿ, ಬರೆದದ್ದು ಒಳ್ಳೆಯದಾಯಿತು. ನಿಮ್ಮ ಅಣ್ಣನನ್ನು ನೋಡದೆ ಚಿಕಿತ್ಸೆಯ ಬಗ್ಗೆ ನಾನು ಮಾತನಾಡಬಾರದು, ಅದನ್ನು ಅವರ ವೈದ್ಯರೇ ಹೇಳಬೇಕು. ಮಾತಿನ ಬಗ್ಗೆ ಮಾತ್ರ ಹೇಳುತ್ತೇನೆ.

ಯಂತ್ರ ಇದೆಯೋ ಇಲ್ಲವೋ ಎಂಬ ವಾದಕ್ಕೆ ಇಳಿಯಬೇಡಿ, ಅದರಲ್ಲಿ ಯಾರೂ ಗೆಲ್ಲುವುದಿಲ್ಲ. ಇದೆ ಎಂದು ಒಪ್ಪಿಕೊಂಡಂತೆ ನಟಿಸಲೂ ಬೇಡಿ. ಆದರೆ ನಡೆದದ್ದನ್ನು ನಡೆಯಿತು ಎಂದು ಒಪ್ಪಿಕೊಳ್ಳಿ. 'ಎಂಕೆ-ಅಲ್ಟ್ರಾ ನಡೆದದ್ದು ನಿಜ, ನಾನು ತಿಳಿಯದೆ ಸುಳ್ಳೆಂದೆ, ತಪ್ಪಾಯಿತು' ಎಂದು ಹೇಳಿ. ಆಮೇಲೆ ಅವರ ಭಯದ ಬಗ್ಗೆ ಕೇಳಿ. ರಾತ್ರಿ ನಿದ್ದೆ ಬರುತ್ತದೆಯೇ? ಯಾವ ಹೊತ್ತಿನಲ್ಲಿ ಹೆಚ್ಚು? ಮಾತ್ರೆಯಿಂದ ಮೈಗೆ ಏನಾಗುತ್ತದೆ? ಕೈ ನಡುಗುತ್ತದೆ, ಬಾಯಿ ಒಣಗುತ್ತದೆ, ತೂಕ ಏರಿದೆ ಎಂದರೆ ಅದು ಭ್ರಮೆಯಲ್ಲ, ಅದಕ್ಕೆ ಪೂರ್ತಿ ಕಿವಿಗೊಡಬೇಕು. ಮಾಂಟ್ರಿಯಲ್ಲಿನಲ್ಲಿ ಆಗದೆ ಹೋದದ್ದು ಅದೇ. ಭಯ ನಿಜವಾದ ಭಯ. ಅದರ ಕಾರಣದ ಬಗ್ಗೆ ಮಾತ್ರ ನಿಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇದೆ.

ಕರಿಕೋಟು

ನಾನು ವಕೀಲ. ಒಪ್ಪಿಗೆಯ ಮಾತು ಬಂದದ್ದರಿಂದ ನ್ಯಾಯಾಲಯಗಳು ಏನು ಮಾಡಿದವು ಎಂಬುದನ್ನು ಬರೆಯುತ್ತೇನೆ, ಏಕೆಂದರೆ ಇದರಲ್ಲಿ ನಮ್ಮ ರಾಜ್ಯದ ಹೆಸರೂ ಇದೆ.

ಮೊದಲು ಅಮೆರಿಕ. ಫ್ರಾಂಕ್ ಓಲ್ಸನ್ ಸೇನೆಯ ಜೀವರಾಸಾಯನಿಕ ವಿಜ್ಞಾನಿ. 1953ರ ನವೆಂಬರ್‌ನಲ್ಲಿ ಗಾಟ್ಲೀಬ್ ತಂಡ ಅವರ ಪಾನೀಯಕ್ಕೆ ಎಲ್‌ಎಸ್‌ಡಿ ಹಾಕಿತು. ಒಂಬತ್ತು ದಿನಗಳ ನಂತರ ನ್ಯೂಯಾರ್ಕಿನ ಹೋಟೆಲ್ ಕೊಠಡಿಯ ಕಿಟಕಿಯಿಂದ ಬಿದ್ದು ಸತ್ತರು. ಎಲ್‌ಎಸ್‌ಡಿಯ ವಿಷಯ ಹೆಂಡತಿ ಮಕ್ಕಳಿಗೆ ತಿಳಿದದ್ದು 1975ರಲ್ಲಿ, ಸಿಐಎಯ ಅಕ್ರಮಗಳನ್ನು ತನಿಖೆ ಮಾಡಿದ ರಾಕ್‌ಫೆಲರ್ ಆಯೋಗದ ವರದಿಯಲ್ಲಿ ಹೆಸರಿಲ್ಲದೆ ಬಂದ ಒಂದು ಪ್ರಸಂಗವನ್ನು ಓದಿ. ಅಧ್ಯಕ್ಷ ಫೋರ್ಡ್ ಕುಟುಂಬವನ್ನು ಕರೆಸಿ ಕ್ಷಮೆ ಕೇಳಿದರು. ಅದು ಆತ್ಮಹತ್ಯೆಯೋ ಕೊಲೆಯೋ ಎಂಬ ಪ್ರಶ್ನೆಯನ್ನು ಮಗ ಕೈಬಿಡಲಿಲ್ಲ, 1994ರಲ್ಲಿ ಶವವನ್ನು ಹೊರತೆಗೆಸಿ ಪರೀಕ್ಷೆಯನ್ನೂ ಮಾಡಿಸಿದರು. ಇಂದಿಗೂ ನ್ಯಾಯಾಲಯದಲ್ಲಿ ಅದು ಇತ್ಯರ್ಥವಾಗಿಲ್ಲ.

ಜೇಮ್ಸ್ ಸ್ಟಾನ್ಲಿ ಸೇನೆಯ ಸಾರ್ಜೆಂಟ್. 1958ರಲ್ಲಿ ಅನಿಲ ಮುಖವಾಡ, ರಕ್ಷಣಾ ಉಡುಪು ಪರೀಕ್ಷಿಸಲು ಎಂದು ಒಪ್ಪಿಕೊಂಡು ಹೋದರು. ಕೊಟ್ಟದ್ದು ಎಲ್‌ಎಸ್‌ಡಿ. ಸಂಸಾರ ಒಡೆಯಿತು. 1975ರಲ್ಲಿ ಸೇನೆಯಿಂದ ಕಾಗದ ಬಂದಾಗ ಕಾರಣ ತಿಳಿಯಿತು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದು-ನಾಲ್ಕರ ಬಹುಮತದಿಂದ, ಸೈನಿಕರು ಸೇವೆಯಲ್ಲಾದ ಹಾನಿಗೆ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ ಎಂದಿತು. ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಒಪ್ಪದೆ, ನ್ಯೂರೆಂಬರ್ಗನ್ನು ನೆನಪಿಸಿ ಬರೆದರು. ಓದಿದರೆ ಮೈ ಬಿಸಿಯಾಗುವ ಪುಟಗಳು.

ಸೆರೆಮನೆಯವರ ಕಥೆ ಇನ್ನೂ ಕೆಟ್ಟದ್ದು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ವ್ಯಸನಿ ಕೈದಿಗಳ ಆಸ್ಪತ್ರೆ. ಪ್ರಯೋಗಕ್ಕೆ ಒಳಗಾದವರಲ್ಲಿ ಬಹುಪಾಲು ಕಪ್ಪು ಜನರು. ಏಳು ಮಂದಿಗೆ 77 ದಿನ ಎಡೆಬಿಡದೆ ಎಲ್‌ಎಸ್‌ಡಿ ಕೊಟ್ಟರು. ಕೈದಿಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು, ನಿಜ. ಪ್ರತಿಫಲವಾಗಿ ಸಿಗುತ್ತಿದ್ದದ್ದು ಅವರು ಯಾವ ಚಟ ಬಿಡಿಸಿಕೊಳ್ಳಲು ಅಲ್ಲಿದ್ದರೋ ಅದೇ ಮಾದಕವಸ್ತು. ಆ ಸಹಿಯನ್ನು ನಾನು ಒಪ್ಪಿಗೆ ಎನ್ನಲಾರೆ.

ಈಗ ನಮ್ಮಲ್ಲಿಗೆ ಬನ್ನಿ. ಸಿಐಎ ಮೊದಲು ಹುಡುಕಿದ್ದು ಮನಸ್ಸಿನ ನಿಯಂತ್ರಣವನ್ನಲ್ಲ, ನಿಜ ಬಾಯಿಬಿಡಿಸುವ ಔಷಧಿಯನ್ನು. ಸೋಡಿಯಂ ಪೆಂಟೊಥಾಲ್, ಅಮಿಟಾಲ್ ಎಲ್ಲವನ್ನೂ ಪ್ರಯತ್ನಿಸಿ, ಅದರ ಪ್ರಭಾವದಲ್ಲಿ ಮನುಷ್ಯ ನಿಜದ ಜೊತೆ ಕಲ್ಪನೆಯನ್ನೂ ಕಲಸಿ ಹೇಳುತ್ತಾನೆ ಎಂದು ಕಂಡುಕೊಂಡಿತ್ತು. ಅರ್ಧ ಶತಮಾನ ಕಳೆದ ಮೇಲೆ ಅದೇ ಪೆಂಟೊಥಾಲ್ 'ಮಂಪರು ಪರೀಕ್ಷೆ' ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲಿ ಚಾಲ್ತಿಗೆ ಬಂತು, ಅದಕ್ಕೆ ಕೇಂದ್ರವಾದದ್ದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ. ದೇಶದ ಮೂಲೆಮೂಲೆಯಿಂದ ಆರೋಪಿಗಳನ್ನು ಇಲ್ಲಿಗೆ ತರುತ್ತಿದ್ದರು. ಆರೋಪಿ ಬೇಡವೆಂದರೂ ಕೆಳಗಿನ ನ್ಯಾಯಾಲಯಗಳು ಅನುಮತಿ ಕೊಡುತ್ತಿದ್ದವು.

2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಅಂದಿನ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಪೀಠ ಇದನ್ನು ನಿಲ್ಲಿಸಿತು. ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ವಿದ್ಯುತ್ ನಕ್ಷೆಯ ಪರೀಕ್ಷೆ ಮಾಡುವಂತಿಲ್ಲ. ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ ಮತ್ತು ಜೀವ, ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯ ಉಲ್ಲಂಘನೆ ಎಂದಿತು. ಮನಸ್ಸಿನೊಳಗಿನ ಖಾಸಗಿತನಕ್ಕೂ ಸಂವಿಧಾನದ ರಕ್ಷಣೆ ಇದೆ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ ತೀರ್ಪಿನ ಶೀರ್ಷಿಕೆಯಲ್ಲಿ ಕರ್ನಾಟಕ ಪ್ರತಿವಾದಿಯ ಸ್ಥಾನದಲ್ಲಿದೆ. ಗೋಪುರಗಳ ಬಗ್ಗೆ ಸಂದೇಶ ಹಂಚುವವರು ಈ ತೀರ್ಪನ್ನು ಒಮ್ಮೆ ಹಂಚಲಿ.

ಹಳೆಯ ಲೆಕ್ಕಿಗ

ಕರಿಕೋಟು ಅವರ ಬರಹ ಓದಿ ಎದ್ದುಹೋಗಿ ಸ್ವಲ್ಪ ಹೊತ್ತು ಅಂಗಳದಲ್ಲಿ ಅಡ್ಡಾಡಿದೆ. ನಕಲಿ ಛಾಪಾ ಕಾಗದದ ಹಗರಣದ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯವನ್ನು ಟಿವಿಯಲ್ಲಿ ತೋರಿಸಿದ್ದು ನೆನಪಿರಬಹುದು. ಮಲಗಿದ ಮನುಷ್ಯ, ಅಸ್ಪಷ್ಟ ತೊದಲು ಮಾತು, ಪಕ್ಕದಲ್ಲಿ ಪ್ರಶ್ನೆಗಳು. ನಾನೂ ನೋಡಿದ್ದೇನೆ, ಊಟದ ತಟ್ಟೆ ಮುಂದಿಟ್ಟುಕೊಂಡು. ಛಾಪಾ ಕಾಗದದ ಮೋಸ ನನ್ನ ಇಲಾಖೆಗೆ ಹತ್ತಿರದ ವಿಷಯ, ಹಾಗಾಗಿ ಯಾವ ಹೆಸರು ಹೊರಬರುತ್ತದೆ ಎಂದು ಕಾಯುತ್ತಿದ್ದೆ. ಆತನ ಒಪ್ಪಿಗೆ ಇತ್ತೇ ಎಂಬ ಪ್ರಶ್ನೆ ಆಗ ನನ್ನ ತಲೆಗೆ ಬರಲೇ ಇಲ್ಲ. ಮಾಂಟ್ರಿಯಲ್ಲಿನ ದಾದಿಯರಿಗೂ ಬಂದಿರಲಿಕ್ಕಿಲ್ಲ.

ಕಾಗದ ಇಲ್ಲದ್ದನ್ನು ಹೇಳುವುದು ಬೇಡ ಎಂಬ ನನ್ನ ಮೊದಲ ಮಾತನ್ನು ತಿದ್ದಿಕೊಳ್ಳುತ್ತೇನೆ. ಹೇಳುವವನು ಕಾಗದ ತರಬೇಕಾಗಿಲ್ಲ. ಕೇಳಿಸಿಕೊಂಡವನು ಹೋಗಿ ಹುಡುಕಬೇಕು.

ಸಂಶಯ ನಿವಾರಕ

ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಈಗಿನ ಸರ್ಕಾರಗಳ ಮೇಲಿನ ನನ್ನ ಅನುಮಾನ ಹೋಗಿಲ್ಲ, ಆದರೆ ಗೋಪುರಗಳ ಸಂದೇಶವನ್ನು ಇನ್ನು ಮುಂದೆ ಹಂಚುವುದಿಲ್ಲ. ಒಂದು ಸಂಗತಿ ತಿಳಿಯಬೇಕಿತ್ತು. ಗಾಟ್ಲೀಬ್ ನಿವೃತ್ತಿಯ ನಂತರ ಭಾರತಕ್ಕೆ ಬಂದಿದ್ದರು ಎಂದು ಓದಿದೆ. ನಿಜವೇ?

ಚರಿತ್ರೆ ಮೇಷ್ಟ್ರು

ನಿಜ. 1973ರಲ್ಲಿ ನಿವೃತ್ತರಾದ ಮೇಲೆ ಹೆಂಡತಿಯೊಡನೆ ಲೋಕ ಸುತ್ತುತ್ತ ಬಂದು, ಕುಷ್ಠರೋಗಿಗಳ ಆಸ್ಪತ್ರೆಯೊಂದರಲ್ಲಿ ಹದಿನೆಂಟು ತಿಂಗಳು ಸೇವೆ ಮಾಡಿದರು. ಹೆಂಡತಿ ಮಾರ್ಗರೆಟ್ ಹುಟ್ಟಿದ್ದೇ ಭಾರತದಲ್ಲಿ, ಮಿಷನರಿಗಳ ಮಗಳಾಗಿ. 1977ರಲ್ಲಿ ಸೆನೆಟ್ ಮುಂದೆ ಹೇಳಿಕೆ ಕೊಡುವಾಗ ತಮ್ಮ ಮೇಲೆ ಮೊಕದ್ದಮೆ ಆಗಬಾರದು ಎಂಬ ರಕ್ಷಣೆ ಪಡೆದೇ ಕೊಟ್ಟರು. ಹೆಚ್ಚಿನ ಪ್ರಶ್ನೆಗಳಿಗೆ ನೆನಪಿಲ್ಲ ಎಂದರು. 1999ರಲ್ಲಿ ತೀರಿಕೊಂಡರು. ಅವರಿಗೆ ಶಿಕ್ಷೆಯಾಗಲಿಲ್ಲ.

ಮಾಂಟ್ರಿಯಲ್ ಕನ್ನಡತಿ

ಕೆಲವರು ಅದನ್ನು ಪ್ರಾಯಶ್ಚಿತ್ತ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪ್ರಾಯಶ್ಚಿತ್ತಕ್ಕೆ ಅಷ್ಟು ದೂರ ಬರಬೇಕಿರಲಿಲ್ಲ. ಯಾರ ಲೋಟಕ್ಕೆ ಏನು ಹಾಕಿದೆವು ಎಂದು ಹೆಸರು ಹೆಸರಾಗಿ ಹೇಳಿದ್ದರೆ ಸಾಕಿತ್ತು. ಆ ಬಾಡಿಗೆ ಮನೆಗಳಿಗೆ ಹೋಗಿ ಬಂದ ಎಷ್ಟೋ ಗಂಡಸರು ತಮಗೆ ಹುಚ್ಚು ಹಿಡಿಯಿತು ಎಂದುಕೊಂಡೇ ಸತ್ತಿರಬಹುದು.

ಒಬ್ಬ ತಂಗಿ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಡಾಕ್ಟರು ಹೇಳಿದಂತೆ ಅಣ್ಣನಿಗೆ ತಪ್ಪಾಯಿತು ಎಂದೆ. ಅವನು ಏನೂ ಹೇಳಲಿಲ್ಲ. ಸಂಜೆ ಆರ್ಲಿಕೋವ್ ಅವರ ಬಗ್ಗೆ ಇಲ್ಲಿ ಬರೆದದ್ದನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ಆಕೆಗೆ ಯಾವ ಔಷಧಿ ಅಂತ ಯಾರೂ ಹೇಳಲಿಲ್ಲವೇ?' ಎಂದು ಕೇಳಿದ. ಇಲ್ಲ ಎಂದೆ. 'ನನಗೂ ಯಾರೂ ಹೇಳಿಲ್ಲ' ಎಂದ.

ಹದಿನಾರು ವರ್ಷದಲ್ಲಿ ನಾವು ಯಾರೂ ಅವನಿಗೆ ಮಾತ್ರೆಯ ಹೆಸರನ್ನು ಹೇಳಿರಲಿಲ್ಲ. ಚೀಟಿ ಯಾವಾಗಲೂ ಅಪ್ಪನ ಕೈಗೆ ಹೋಗುತ್ತಿತ್ತು, ಆಮೇಲೆ ನನ್ನ ಕೈಗೆ. ಹೋದ ಸೋಮವಾರ ಅವನನ್ನು ಕರೆದುಕೊಂಡು ಹೋಗಿ, ಅವನಿಗೇ ವಿವರಿಸಬೇಕು ಎಂದು ವೈದ್ಯರನ್ನು ಕೇಳಿಕೊಂಡೆ. ಅವರು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು: ಯಾವ ಮಾತ್ರೆ, ಯಾಕೆ, ಮೈಗೆ ಏನೇನು ಆಗಬಹುದು, ಬೇಡವೆನಿಸಿದರೆ ಯಾರಿಗೆ ಹೇಳಬೇಕು. ಅಣ್ಣ ಎರಡು ಸಲ ಓದಿ ಜೇಬಿನಲ್ಲಿ ಇಟ್ಟುಕೊಂಡ. ಹಲ್ಲಿನ ಯಂತ್ರ ಇನ್ನೂ ಇದೆ ಎನ್ನುತ್ತಾನೆ. ಮಾತ್ರೆಯನ್ನು ಈಗ ತಾನೇ ಎಣಿಸಿ ತೆಗೆದುಕೊಳ್ಳುತ್ತಾನೆ.

ಲೆಕ್ಕಿಗರೇ, ವಿಚಾರಣೆಯ ಪುಟಗಳನ್ನು ಕನ್ನಡಕ್ಕೆ ತರುವ ಯೋಚನೆ ಇದೆಯೇ ಎಂದು ಅವನು ಕೇಳಿದ್ದಾನೆ.

ಹಳೆಯ ಲೆಕ್ಕಿಗ

ಶುರುಮಾಡಿದ್ದೇನೆ ಎಂದು ಹೇಳಿ. ಹನ್ನೊಂದು ಪುಟ ಆಗಿದೆ. ಆ ಕಾಗದಗಳಲ್ಲಿ 'ಅನ್‌ವಿಟಿಂಗ್' ಎಂಬ ಪದ ಮತ್ತೆ ಮತ್ತೆ ಬರುತ್ತದೆ: ತನ್ನ ಮೇಲೆ ಪ್ರಯೋಗ ನಡೆಯುತ್ತಿದೆ ಎಂದು ತಿಳಿಯದವನು. ಮೊದಲು 'ಅರಿವಿಲ್ಲದ' ಎಂದು ಹಾಕಿದ್ದೆ. ಅದು ತಪ್ಪು ಅವನದೇ ಎಂಬಂತೆ ಕೇಳಿಸುತ್ತದೆ, ಹೊಡೆದುಹಾಕಿದೆ. ಈಗ 'ತಿಳಿಸದೆ ಬಳಸಿಕೊಂಡ' ಎಂದು ಬರೆಯುತ್ತಿದ್ದೇನೆ. ಉದ್ದವಾಯಿತು ಎನಿಸುತ್ತದೆ. ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ನೀವಾಗಲಿ ನಿಮ್ಮ ಅಣ್ಣನಾಗಲಿ ಬರೆಯಿರಿ.